ಕಾಲೇಜಿಗೆ ಪತ್ರ ಬರೆಯತಕ್ಕವರು ಯಾರು?

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮ್ಮವರಿಗೆ ಶಿಫಾರಸು ಎಂಬ ಮಾತು ಹೊಸದೇನೂ ಅಲ್ಲ. ಉಡುಪಿ, ಕಾರ್ಕಳ, ಕುಂದಾಪುರಗಳ ಕಡೆಯಿಂದ ಮದರಾಸಿಗೆ ಬಂದಿಳಿಯುತ್ತಿದ್ದ ಹುಡುಗನ ಅಂಗಿಯ ಜೇಬಿನಲ್ಲಿ ಬಹುಮಟ್ಟಿಗೆ ಒಂದು ಚೀಟಿ ಇದ್ದೇ ಇರುತ್ತಿತ್ತು. ಊರಿನ ಪಟೇಲರೋ, ದೇವಸ್ಥಾನದ ಮೊಕ್ತೇಸರರೋ, ಮೊದಲೇ ಇಲ್ಲಿ ನೆಲೆಯೂರಿದ್ದ ಬಂಧುಗಳೋ ಬರೆದುಕೊಟ್ಟ ಆ ಚೀಟಿಯಲ್ಲಿ, ಹುಡುಗ ನಮ್ಮವನು, ಬಡವ, ಕೈ ಶುದ್ಧವಾದವನು, ಅನ್ನಕ್ಕೊಂದು ದಾರಿ ಮಾಡಿಕೊಡಬೇಕು ಎಂಬಷ್ಟೇ ಒಕ್ಕಣೆ. ಕಡಂದಲೆಯ ಕೆ. ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸನ್ನು ಆರಂಭಿಸಿದ ಕಾಲದಲ್ಲಿಯೂ ಅನಂತರದ ದಶಕಗಳಲ್ಲಿಯೂ ಇಂಥ ಚೀಟಿಗಳನ್ನು ನಂಬಿ ಕ್ಲೀನರುಗಳಾಗಿ ಸೇರಿದವರು ಮಾಣಿಗಳಾದರು, ಗಲ್ಲಾಪೆಟ್ಟಿಗೆಯ ಮುಂದೆ ಕುಳಿತರು. ಕೆಲವರು ತಾವೇ ಯಜಮಾನರೂ ಆದರು. ಬರೆದವನ ಹೆಸರು ದೊಡ್ಡದಾದಷ್ಟೂ ಚೀಟಿಗೆ ಬೆಲೆ ಹೆಚ್ಚು ಎಂಬುದು ಆ ಅನುಭವದಿಂದ ನಮ್ಮ ಸಮಾಜ ಕಲಿತ ಪಾಠ. ಹೋಟೆಲಿನ ಕೆಲಸಕ್ಕೆ ಅದು ಸಲ್ಲುತ್ತಿತ್ತು. ಕಾಲೇಜಿನ ಪ್ರವೇಶಕ್ಕೂ ಅದು ಸಲ್ಲುತ್ತದೆಂದು ತಿಳಿದು ನಮ್ಮವರಲ್ಲಿ ಅನೇಕರು ತಮ್ಮ ಮಕ್ಕಳಿಗೆ ಅರಿಯದೆಯೇ ಅಪಕಾರ ಮಾಡುತ್ತಿರುವುದರಿಂದ ಇಂದು ಈ ವಿಷಯವನ್ನು ಪ್ರಸ್ತಾಪಿಸಬೇಕಾಗಿದೆ.

ಬೆಸೆಂಟ್ ನಗರದ ಹೋಟೆಲೊಂದರಲ್ಲಿ ಬಹುವರ್ಷಗಳಿಂದ ಸಪ್ಲೈಯರರಾಗಿರುವ ವಾಚಕರೊಬ್ಬರು ಈಚೆಗೆ ನಮ್ಮ ಕಚೇರಿಗೆ ಬಂದಿದ್ದರು. ಅವರ ಮಗಳು ಪ್ಲಸ್ ಟೂ ಓದುತ್ತಿದ್ದಾಳೆ. ವಿದೇಶದ ಕೆಲವು ಕಾಲೇಜುಗಳಿಗೆ, ಪೂರ್ಣ ವಿದ್ಯಾರ್ಥಿವೇತನ ದೊರೆತರೆ ಮಾತ್ರ ಹೋಗುವುದೆಂಬ ನಿಶ್ಚಯದಿಂದ, ಅರ್ಜಿ ಹಾಕಲಿದ್ದಾಳೆ. ಅರ್ಜಿಯೊಡನೆ ಇಬ್ಬರ ಪತ್ರ ಬೇಕಂತೆ. ಒಂದನ್ನು ತಾವು ದಿನವೂ ಕಾಫಿ ಕೊಡುವ ಒಬ್ಬ ನಿವೃತ್ತ ಉನ್ನತಾಧಿಕಾರಿಗಳಿಂದ ಪಡೆಯುವುದೆಂದೂ, ಇನ್ನೊಂದನ್ನು ಪತ್ರಿಕೆಯ ಹೆಸರಿರುವ ಕಾಗದದ ಮೇಲೆ ನಾವು ಬರೆದುಕೊಡಬೇಕೆಂದೂ ಅವರ ಕೋರಿಕೆ. ನಾವು ಆ ಹುಡುಗಿಯನ್ನು ಕಂಡವರಲ್ಲ. ಶಾಲೆಯಲ್ಲಿ ಅವಳನ್ನು ಬಲ್ಲ ಅಧ್ಯಾಪಕರು ಯಾರೂ ಇಲ್ಲವೇ ಎಂದು ವಿಚಾರಿಸಿದೆವು. 'ಇದ್ದಾರೆ, ಒಬ್ಬ ಭೌತಶಾಸ್ತ್ರದ ಮೇಷ್ಟ್ರು. ಸಂಜೆ ಶಾಲೆ ಬಿಟ್ಟ ಮೇಲೆಯೂ ಕೂರಿಸಿಕೊಂಡು ಹೇಳಿಕೊಡುತ್ತಾರೆ. ಆದರೆ ಅವರು ಬರಿಯ ಮೇಷ್ಟ್ರು, ಸ್ವಾಮಿ' ಎಂದು ಉತ್ತರ ಬಂದಿತು.

ಈ 'ಬರಿಯ ಮೇಷ್ಟ್ರು' ಎಂಬ ಮಾತಿನಲ್ಲಿಯೇ ತಪ್ಪು ತಿಳಿವಳಿಕೆಯೆಲ್ಲವೂ ಅಡಗಿದೆ.

ಮೊದಲು ಒಂದು ಸಂಗತಿಯನ್ನು ಸ್ಪಷ್ಟಪಡಿಸೋಣ. ನಮ್ಮ ಮಕ್ಕಳಲ್ಲಿ ಬಹುಪಾಲಿನವರಿಗೆ ಇಂಥ ಪತ್ರದ ಅಗತ್ಯವೇ ಇಲ್ಲ. ತಮಿಳುನಾಡಿನ ಇಂಜಿನಿಯರಿಂಗ್ ಕಾಲೇಜುಗಳ ಕೌನ್ಸೆಲಿಂಗ್ ನಡೆಯುವುದು ಹನ್ನೆರಡನೆಯ ತರಗತಿಯ ಅಂಕಗಳ ಮೇಲೆ. ವೈದ್ಯಕೀಯಕ್ಕೆ ನೀಟ್ ಪರೀಕ್ಷೆ, ಐ.ಐ.ಟಿ.ಗಳ ಬಿ.ಟೆಕ್. ತರಗತಿಗೆ ಜೆ.ಇ.ಇ. ಪರೀಕ್ಷೆ. ಅಲ್ಲಿ ಯಾರ ಪತ್ರಕ್ಕೂ ಸ್ಥಾನವಿಲ್ಲ. ಬೆಸೆಂಟ್ ನಗರದಿಂದ ಕೂಗಳತೆಯಲ್ಲಿರುವ ಐ.ಐ.ಟಿ.ಯ ಹೆಸರು ಹೇಳಿಕೊಂಡು, 'ದೊಡ್ಡವರಿಂದ ಒಂದು ಪತ್ರ ಕೊಡಿಸುತ್ತೇನೆ' ಎಂದು ಯಾರಾದರೂ ಹಣ ಕೇಳಿದರೆ ಅದು ಶುದ್ಧ ಮೋಸವೆಂದು ತಿಳಿಯತಕ್ಕದ್ದು. ವಿದೇಶಗಳಲ್ಲಿಯೂ ಎಲ್ಲ ಕಡೆ ಒಂದೇ ನಿಯಮವಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಂಥ ಮಹಾಸಂಸ್ಥೆ ಸಾಮಾನ್ಯವಾಗಿ ಅರ್ಜಿಯೊಡನೆ ಪತ್ರ ಕೇಳುವುದಿಲ್ಲ. ಬ್ರಿಟನ್ನಿನಲ್ಲಿ ಯೂಕ್ಯಾಸ್ ಎಂಬ ಒಂದೇ ಸಂಸ್ಥೆಯ ಮೂಲಕ ಅರ್ಜಿ ಹೋಗುತ್ತದೆ. ಅಲ್ಲಿಗೆ ಶಾಲೆಯ ಪರವಾಗಿ ಒಂದು ಪತ್ರ ಸಾಕು. ಅಮೆರಿಕದ ಖಾಸಗಿ ಕಾಲೇಜುಗಳಲ್ಲಿ ಬಹಳಷ್ಟು ಮಾತ್ರ ಶಾಲೆಯ ಸಲಹಾಧಿಕಾರಿ ಅಥವಾ ಮುಖ್ಯೋಪಾಧ್ಯಾಯರ ಪತ್ರವನ್ನೂ, ಅದರ ಜೊತೆಗೆ ಪಾಠ ಹೇಳಿದ ಒಬ್ಬಿಬ್ಬರು ಅಧ್ಯಾಪಕರ ಪತ್ರವನ್ನೂ ಅಪೇಕ್ಷಿಸುತ್ತವೆ. ನಮ್ಮ ದೇಶದಲ್ಲಿಯೂ ಸಂಶೋಧನೆಗೆ ಸೇರುವ ಪದವೀಧರರಿಂದ ಅನೇಕ ಸಂಸ್ಥೆಗಳು ಇಂಥ ಪತ್ರಗಳನ್ನು ಕೇಳುವುದುಂಟು. ಸಿ.ವಿ. ರಾಮನ್ನರು 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ವಿಜ್ಞಾನ ಅಕಾಡೆಮಿಯು ಇತರ ಎರಡು ಅಕಾಡೆಮಿಗಳೊಡನೆ ಕೂಡಿ ನಡೆಸುತ್ತ ಬಂದಿರುವ ಬೇಸಗೆಯ ಸಂಶೋಧನಾ ಫೆಲೋಷಿಪ್ಪಿಗೂ ಅಧ್ಯಾಪಕರ ಪತ್ರ ಬೇಕು. ನಗರದ ಸಾಧಾರಣ ಕಾಲೇಜಿನಲ್ಲಿ ಬಿ.ಎಸ್ಸಿ. ಓದುವ ಗುಮಾಸ್ತರ ಮಕ್ಕಳು ಎರಡು ತಿಂಗಳ ಕಾಲ ವಿಜ್ಞಾನಿಯೊಬ್ಬರ ಬಳಿ ಕೆಲಸ ಮಾಡುವ ಈ ಅವಕಾಶವನ್ನು ಏಕೆ ಬಿಡಬೇಕೆಂಬುದು ನಮಗೆ ಅರ್ಥವಾಗದ ವಿಷಯ. ಅದು ಬೇರೆ ದಿನದ ಮಾತು.

ಆದಕಾರಣ ಪತ್ರ ಕೇಳುವ ಸಂಸ್ಥೆ ಅದನ್ನು ಏಕೆ ಕೇಳುತ್ತದೆಂಬುದನ್ನು ವಿಚಾರ ಮಾಡಬೇಕು. ಅಂಕಪಟ್ಟಿ ಅವರ ಕೈಯಲ್ಲಿದೆ. ವಿದ್ಯಾರ್ಥಿ ತಾನೇ ಬರೆದ ಪ್ರಬಂಧವೂ ಇದೆ. ಅವೆರಡೂ ಹೇಳದ ವಿಷಯವನ್ನು ಹೇಳುವುದಕ್ಕೆ ಒಬ್ಬ ಸಾಕ್ಷಿ ಬೇಕು. ಪಾಠ ಅರ್ಥವಾಗದಿದ್ದಾಗ ಈ ವಿದ್ಯಾರ್ಥಿ ಏನು ಮಾಡುತ್ತಾನೆ? ತಪ್ಪು ತೋರಿಸಿದರೆ ಮುನಿಯುತ್ತಾನೆಯೆ, ತಿದ್ದಿಕೊಳ್ಳುತ್ತಾನೆಯೆ? ಪಕ್ಕದವನಿಗೆ ಹೇಳಿಕೊಡುತ್ತಾನೆಯೆ? ಪರೀಕ್ಷೆಗೆ ಬಾರದ ಪ್ರಶ್ನೆಯನ್ನೂ ಕೇಳುವ ಕುತೂಹಲ ಅವನಲ್ಲಿದೆಯೆ? ಇವಕ್ಕೆ ಉತ್ತರ ಕೊಡಬಲ್ಲವರು ತರಗತಿಯಲ್ಲಿ ಎದುರಿಗೆ ನಿಂತು ಕಂಡವರು ಮಾತ್ರ. ಕಾಮನ್ ಅಪ್ಲಿಕೇಶನ್ ಎಂಬ ಅಮೆರಿಕದ ಸಾಮಾನ್ಯ ಅರ್ಜಿಯ ನಮೂನೆಯಲ್ಲಿ, ಈ ವಿದ್ಯಾರ್ಥಿಯನ್ನು ನೀವು ಎಷ್ಟು ಕಾಲದಿಂದ ಬಲ್ಲಿರಿ, ಯಾವ ಸಂಬಂಧದಲ್ಲಿ ಬಲ್ಲಿರಿ ಎಂದು ಅಧ್ಯಾಪಕರನ್ನು ಕೇಳಿರುತ್ತಾರೆ. ನಿವೃತ್ತ ಉನ್ನತಾಧಿಕಾರಿಗಳು ಈ ಪ್ರಶ್ನೆಗೆ ಏನೆಂದು ಬರೆಯುವರು? ಇವಳ ತಂದೆ ನನಗೆ ಕಾಫಿ ತಂದುಕೊಡುತ್ತಾರೆ ಎಂದೇ?

ಇದೇ ಚೆನ್ನೈಯ ಕಡಲತೀರದಲ್ಲಿ, ಬೆಸೆಂಟ್ ನಗರದಿಂದ ಉತ್ತರಕ್ಕೆ ಕೆಲವೇ ಮೈಲಿಗಳಾಚೆಯ ಬಂದರಿನಲ್ಲಿ, ಇದಕ್ಕೆ ನಿದರ್ಶನವಾದ ಒಂದು ಚರಿತ್ರೆ ನಡೆದಿದೆ. ಗುಮಾಸ್ತರಾದ ನಮ್ಮ ವಾಚಕರು ಅದನ್ನು ಹೆಮ್ಮೆಯಿಂದ ನೆನೆಯಬಹುದು. ಶ್ರೀನಿವಾಸ ರಾಮಾನುಜನ್ನರು ಎಫ್.ಎ. ಪರೀಕ್ಷೆಯಲ್ಲಿ ಸೋತು, ಕೆಲಸವಿಲ್ಲದೆ, 1910ರಲ್ಲಿ ತಿರುಕೋಯಿಲೂರಿನ ಡೆಪ್ಯುಟಿ ಕಲೆಕ್ಟರರಾಗಿದ್ದ ವಿ. ರಾಮಸ್ವಾಮಿ ಅಯ್ಯರರಲ್ಲಿಗೆ ಗುಮಾಸ್ತಗಿರಿಯನ್ನು ಬೇಡಲು ಹೋದರು. ಅಯ್ಯರರು 1907ರಲ್ಲಿ ಭಾರತದ ಗಣಿತ ಸಂಘವನ್ನು ಸ್ಥಾಪಿಸಿದವರು. ಅವರು ಹುಡುಗನ ನೋಟುಪುಸ್ತಕವನ್ನು ಬಿಚ್ಚಿ ನೋಡಿದರು. ಇಂಥವನನ್ನು ತಾಲ್ಲೂಕು ಕಚೇರಿಯ ಕಡತಗಳಲ್ಲಿ ಹೂಳಬಾರದೆಂದು ನಿರ್ಧರಿಸಿ, ಮದರಾಸಿನಲ್ಲಿದ್ದ ತಮ್ಮ ಗಣಿತಮಿತ್ರರಿಗೆ ಪತ್ರ ಕೊಟ್ಟು ಕಳುಹಿಸಿದರು. ಅವರಲ್ಲಿ ಒಬ್ಬರಾದ ಪಿ.ವಿ. ಶೇಷು ಅಯ್ಯರರು ಕುಂಭಕೋಣದ ಕಾಲೇಜಿನಲ್ಲಿಯೇ ರಾಮಾನುಜನ್ನರನ್ನು ಬಲ್ಲವರಾಗಿದ್ದರು. ಅವರು ನೆಲ್ಲೂರಿನ ಕಲೆಕ್ಟರರಾಗಿದ್ದ ಆರ್. ರಾಮಚಂದ್ರ ರಾಯರಲ್ಲಿಗೆ ಕಳುಹಿಸಿದರು. 1912ರಲ್ಲಿ ಪೋರ್ಟ್ ಟ್ರಸ್ಟಿನ ಗುಮಾಸ್ತಗಿರಿಗೆ ಅರ್ಜಿ ಹಾಕಿದಾಗ ಜೊತೆಯಲ್ಲಿದ್ದದ್ದು ಪ್ರೆಸಿಡೆನ್ಸಿ ಕಾಲೇಜಿನ ಗಣಿತದ ಪ್ರೊಫೆಸರ್ ಮಿಡಲ್‌ಮಾಸ್ಟರ ಪತ್ರ. ಮಾರ್ಚ್ 1ರಂದು ತಿಂಗಳಿಗೆ 30 ರೂಪಾಯಿ ಸಂಬಳದ ಮೇಲೆ ಅವರು ಕೆಲಸಕ್ಕೆ ಸೇರಿದರು.

ಅದಕ್ಕಿಂತಲೂ ಗಮನಿಸತಕ್ಕದ್ದು ಮರುವರ್ಷದ ಪತ್ರ. 1913ರ ಫೆಬ್ರವರಿಯಲ್ಲಿ ಹವಾಮಾನ ಇಲಾಖೆಯ ಮುಖ್ಯಸ್ಥ ಗಿಲ್ಬರ್ಟ್ ವಾಕರರು ಮದರಾಸಿನ ಬಂದರಿಗೆ ಬಂದಿದ್ದಾಗ ಅವರಿಗೆ ರಾಮಾನುಜನ್ನರ ಲೆಕ್ಕಗಳನ್ನು ತೋರಿಸಲಾಯಿತು. ಸ್ವತಃ ಕೇಂಬ್ರಿಜ್ಜಿನಲ್ಲಿ ಗಣಿತದ ಅಗ್ರಸ್ಥಾನ ಪಡೆದಿದ್ದ ವಾಕರರು ಮದರಾಸು ವಿಶ್ವವಿದ್ಯಾನಿಲಯಕ್ಕೆ ಪತ್ರ ಬರೆದರು. ಆ ಪತ್ರದಲ್ಲಿ ಬರಿಯ ಹೊಗಳಿಕೆ ಇರಲಿಲ್ಲ. ತಾವು ಕಂಡ ಕೆಲಸದ ಸ್ವೋಪಜ್ಞತೆ ಕೇಂಬ್ರಿಜ್ಜಿನ ಫೆಲೋಗಳ ಮಟ್ಟದ್ದೆಂದು ಹೇಳಿ, ಅದರಲ್ಲಿ ಪೂರ್ಣತೆಯೂ ಕರಾರುವಾಕ್ಕುತನವೂ ಸಾಲದೆಂಬುದನ್ನೂ ಮರೆಮಾಚದೆ ಬರೆದರು; ಗಣಿತದ ಆ ವಿಭಾಗ ತಮ್ಮ ವಿಶೇಷ ವ್ಯಾಸಂಗದ್ದಲ್ಲವಾದ್ದರಿಂದ ಕಡೆಯ ತೀರ್ಪು ತಮ್ಮದಲ್ಲವೆಂದೂ ಒಪ್ಪಿಕೊಂಡರು. ಕೇಂಬ್ರಿಜ್ಜಿನ ಹಾರ್ಡಿಯವರ ಆಸಕ್ತಿಯೂ ಸೇರಿ, ಬಿ.ಎ. ಇಲ್ಲದ ಗುಮಾಸ್ತನಿಗೆ ವಿಶ್ವವಿದ್ಯಾನಿಲಯ ಅದೇ ವರ್ಷ ತಿಂಗಳಿಗೆ 75 ರೂಪಾಯಿಗಳ ಸಂಶೋಧನಾ ವೇತನವನ್ನು ಕೊಟ್ಟಿತು. ಇವರಲ್ಲಿ ಕಲೆಕ್ಟರರೂ ಇದ್ದರು, ಇಲಾಖೆಯ ಮುಖ್ಯಸ್ಥರೂ ಇದ್ದರು, ನಿಜ. ಆದರೆ ಅವರ ಪತ್ರಗಳಿಗೆ ಬೆಲೆ ಬಂದದ್ದು ನೋಟುಪುಸ್ತಕವನ್ನು ಬಿಚ್ಚಿ ನೋಡಿದ್ದರಿಂದ, ನೋಡಿ ತಿಳಿಯುವ ಶಕ್ತಿ ಅವರಲ್ಲಿ ಇದ್ದದ್ದರಿಂದ.

ಹಾಗಾದರೆ ನಮ್ಮ ಮಕ್ಕಳು ಯಾರನ್ನು ಕೇಳಬೇಕು? ನಮ್ಮ ಅಭಿಪ್ರಾಯದಲ್ಲಿ, ಪ್ಲಸ್ ಒನ್ ತರಗತಿಯಲ್ಲಿ ಪೂರ್ತಿ ಒಂದು ವರ್ಷ ಪಾಠ ಹೇಳಿ, ಪ್ಲಸ್ ಟೂ ತರಗತಿಯಲ್ಲಿಯೂ ಮುಂದುವರಿಸಿದ ಅಧ್ಯಾಪಕರು ಮೊದಲ ಆಯ್ಕೆ. ಅತ್ಯಧಿಕ ಅಂಕ ಬಂದ ವಿಷಯದ ಅಧ್ಯಾಪಕರೇ ಆಗಬೇಕೆಂಬ ನಿಯಮವೇನೂ ಇಲ್ಲ. ನೂರಕ್ಕೆ ನೂರು ಬಂದ ಗಣಿತದಲ್ಲಿ ಹುಡುಗ ಒಂದು ದಿನವೂ ಬಾಯಿ ಬಿಡದೆ ಕುಳಿತಿದ್ದರೆ ಅಧ್ಯಾಪಕರಿಗೆ ಬರೆಯಲು ಏನಿದ್ದೀತು? ಐವತ್ತರಿಂದ ಆರಂಭಿಸಿ ಬೆವರು ಸುರಿಸಿ ಎಂಬತ್ತೈದಕ್ಕೆ ಏರಿದ ರಸಾಯನಶಾಸ್ತ್ರದಲ್ಲಿ ಬರೆಯಲು ಬೇಕಾದಷ್ಟಿದೆ. ಇಬ್ಬರನ್ನು ಕೇಳಿದಾಗ ಇಬ್ಬರೂ ಒಂದೇ ಮುಖವನ್ನು ತೋರಿಸದಂತೆ ನೋಡಿಕೊಳ್ಳಬೇಕು. ಅಮೆರಿಕದ ಎಂ.ಐ.ಟಿ. ವಿಜ್ಞಾನ ತಂತ್ರಜ್ಞಾನಗಳಿಗೆ ಹೆಸರಾದ ಸಂಸ್ಥೆ. ಅದು ಸಹ ಗಣಿತ ಅಥವಾ ವಿಜ್ಞಾನದ ಅಧ್ಯಾಪಕರದೊಂದು ಪತ್ರವನ್ನೂ, ಇತಿಹಾಸ, ಸಮಾಜವಿಜ್ಞಾನ, ಭಾಷೆ ಮುಂತಾದವನ್ನು ಬೋಧಿಸುವವರದೊಂದು ಪತ್ರವನ್ನೂ ಕೇಳುತ್ತದೆ. ತಮಿಳು ಪಂಡಿತರನ್ನೂ ಕನ್ನಡ ಪಂಡಿತರನ್ನೂ ನಮ್ಮ ಪೋಷಕರು ಲೆಕ್ಕಕ್ಕೇ ತೆಗೆದುಕೊಳ್ಳದಿರುವುದು ಎಷ್ಟು ಅವಿವೇಕವೆಂಬುದು ಇದರಿಂದ ತಿಳಿಯುತ್ತದೆ. ಮಗುವಿನ ಆಲೋಚನೆ ಅದರ ಬರವಣಿಗೆಯಲ್ಲಿ ಬೆಳೆದದ್ದನ್ನು ಕಂಡವರು ಅವರು.

ಇನ್ನು ಟ್ಯೂಷನ್ ಕೇಂದ್ರದ ನಿರ್ದೇಶಕರು, ಶಾಸಕರು, ದೇವಸ್ಥಾನದ ಟ್ರಸ್ಟಿಗಳು, ಹೋಟೆಲಿನ ಯಜಮಾನರು ಇವರ ಪತ್ರಗಳು. ಯಜಮಾನರು ಸಜ್ಜನರಾಗಿದ್ದು, ಮಗುವಿನ ಶುಲ್ಕಕ್ಕೆ ನೆರವಾಗಿದ್ದರೆ ಅವರಿಗೆ ಕೃತಜ್ಞತೆ ಸಲ್ಲಬೇಕಾದದ್ದೇ. ಆದರೆ ಪಾಠದ ಕೋಣೆಯ ಸಾಕ್ಷ್ಯವನ್ನು ಅವರು ಹೇಳಲಾರರು. ಕೇಳದೆ ಇರುವ ಇಂಥ ಪತ್ರಗಳನ್ನು ಕಟ್ಟುಕಟ್ಟಾಗಿ ಸೇರಿಸಿದರೆ ಓದುವವರಿಗೆ ಬೇಸರವಾಗುವುದಲ್ಲದೆ ಬೇರೆ ಪ್ರಯೋಜನವಿಲ್ಲ.

ಒಂದು ಸೂಕ್ಷ್ಮವಾದ ವಿಷಯವನ್ನು ಇಲ್ಲಿ ಹೇಳಲೇಬೇಕು. ತಂದೆ ಹೋಟೆಲಿನಲ್ಲಿ ಎಲೆ ಹಾಕುತ್ತಾನೆ, ತಾಯಿ ನಾಲ್ಕು ಮನೆಗಳಲ್ಲಿ ಅಡಿಗೆ ಮಾಡುತ್ತಾಳೆ ಎಂಬುದು ಅಧ್ಯಾಪಕರಿಗೆ ತಿಳಿಯದಂತೆ ನಮ್ಮ ಮಕ್ಕಳು ಮುಚ್ಚಿಡುತ್ತಾರೆ. ಪೋಷಕರೇ ಹಾಗೆ ಹೇಳಿಕೊಟ್ಟಿರುವುದೂ ಉಂಟು. ಶಾಲೆಯ ದಾಖಲೆಯಲ್ಲಿ 'ವ್ಯಾಪಾರ' ಎಂದು ಬರೆಸಿದವರನ್ನು ನಾವು ಬಲ್ಲೆವು. ರಾತ್ರಿ ಹನ್ನೊಂದಕ್ಕೆ ಹೋಟೆಲಿನ ಬಾಗಿಲು ಹಾಕಿ ತಂದೆ ಮನೆಗೆ ಬರುವವರೆಗೆ ತಮ್ಮ ತಂಗಿಯರಿಗೆ ಊಟವಿಕ್ಕಿ, ಪಾಠ ಹೇಳಿ, ಮಲಗಿಸಿ, ಅನಂತರ ತನ್ನ ಪುಸ್ತಕ ತೆಗೆಯುವ ಹುಡುಗಿಯ ತೊಂಬತ್ತು ಅಂಕ, ಪ್ರತ್ಯೇಕ ಕೋಣೆಯೂ ಮೂವರು ಮನೆಪಾಠದವರೂ ಇರುವ ಹುಡುಗನ ತೊಂಬತ್ತೈದಕ್ಕಿಂತ ಕಡಿಮೆಯದೆಂದು ಯಾರು ಹೇಳಿಯಾರು? ವಿದ್ಯಾರ್ಥಿವೇತನವನ್ನು ಕೊಡತಕ್ಕವರಿಗೆ ಈ ಸಂಗತಿ ತಿಳಿಯಬೇಕು. ವಿದ್ಯಾರ್ಥಿನಿಯೇ ಹೇಳಿಕೊಂಡರೆ ದೂರಿನಂತೆ ತೋರಬಹುದಾದ ಮಾತು, ಅಧ್ಯಾಪಕರು ಬರೆದಾಗ ಪ್ರಮಾಣವಾಗುತ್ತದೆ. ಆದರೆ ತಿಳಿಸದಿದ್ದರೆ ಅವರು ಬರೆಯುವುದು ಹೇಗೆ? ಪ್ರಾಮಾಣಿಕವಾದ ದುಡಿಮೆಯನ್ನು ಮರೆಮಾಚುವ ಕಾರಣ ನಮಗೆ ಕಾಣದು. ಅಡಿಗೆಮನೆಯಲ್ಲಿ ಒರಳಿನ ಮುಂದೆ ಕುಳಿತವರು ಕಟ್ಟಿದ ಹೋಟೆಲುಗಳಿಂದಲೇ ಈ ನಗರದಲ್ಲಿ ಕನ್ನಡಿಗರಿಗೆ ಹೆಸರು ಬಂದದ್ದು. ಹೇಳಬೇಕೆ ಬೇಡವೆ ಎಂಬ ತೀರ್ಮಾನ ಮಾತ್ರ ಮಗುವಿನದಾಗಿರಲಿ. ಅಧ್ಯಾಪಕರು ಅದರ ಒಪ್ಪಿಗೆ ಪಡೆದೇ ಬರೆಯುವುದು ಯುಕ್ತ.

ಈಚಿನ ವರ್ಷಗಳಲ್ಲಿ ಇನ್ನೊಂದು ಕೆಟ್ಟ ಪದ್ಧತಿ ಬೇರೂರುತ್ತಿದೆ. 'ನೀನೇ ಬರೆದು ತಾ, ನಾನು ರುಜು ಹಾಕುತ್ತೇನೆ' ಎನ್ನುವ ಅಧ್ಯಾಪಕರು ಶಾಲೆಗಳಲ್ಲಿಯೂ ಕಾಲೇಜುಗಳಲ್ಲಿಯೂ ಇದ್ದಾರೆ. ಅರುವತ್ತು ಎಪ್ಪತ್ತು ಮಕ್ಕಳ ತರಗತಿ, ಉತ್ತರಪತ್ರಿಕೆಗಳ ರಾಶಿ, ಮೇಲಿನವರ ವರದಿಗಳು ಇವುಗಳ ನಡುವೆ ಅವರಿಗೆ ಬಿಡುವಿಲ್ಲವೆಂಬುದನ್ನು ನಾವು ಬಲ್ಲೆವು. ಆದರೂ ಇದು ಸರ್ವಥಾ ಸಲ್ಲದು. ಹದಿನೇಳು ವರ್ಷದ ಹುಡುಗ ತನ್ನನ್ನು ತಾನೇ ಹೊಗಳಿಕೊಂಡು ಬರೆದದ್ದಕ್ಕೆ ಗುರು ರುಜು ಹಾಕಿದರೆ, ಆ ಹುಡುಗ ಕಾಲೇಜಿನ ಹೊಸ್ತಿಲಲ್ಲಿಯೇ ಕಲಿತದ್ದೇನು? ವಿದ್ಯಾರ್ಥಿಯ ಪ್ರಬಂಧವೂ ಗುರುವಿನ ಪತ್ರವೂ ಒಂದೇ ಧಾಟಿಯಲ್ಲಿದ್ದರೆ ಓದುವವರು ಗುರುತಿಸದೆ ಇರುವಷ್ಟು ಮುಗ್ಧರೂ ಅಲ್ಲ. ಹಣ ಕೊಟ್ಟರೆ ಪತ್ರ ಸಿದ್ಧಪಡಿಸಿ ಕೊಡುತ್ತೇವೆನ್ನುವ ಏಜೆಂಟರ ವಿಷಯದಲ್ಲಿ ಹೇಳುವುದೇ ಬೇಡ. ಸುಳ್ಳು ದಾಖಲೆ ಎಂದು ತಿಳಿದರೆ, ಸೇರಿದ ಮೇಲೆಯೂ ಪ್ರವೇಶವನ್ನು ರದ್ದುಮಾಡುವ ಅಧಿಕಾರವನ್ನು ವಿಶ್ವವಿದ್ಯಾನಿಲಯಗಳು ಇಟ್ಟುಕೊಂಡಿರುತ್ತವೆ.

ಪತ್ರವನ್ನು ಬರೆದುಕೊಡುವುದಕ್ಕೆ ಬದಲಾಗಿ ವಿದ್ಯಾರ್ಥಿ ಅಧ್ಯಾಪಕರಿಗೆ ಒಂದು ಹಾಳೆಯಷ್ಟು ನೆನಪಿನ ಟಿಪ್ಪಣಿಯನ್ನು ಕೊಡಬಹುದು. ಯಾವ ವರ್ಷ ಅವರಲ್ಲಿ ಓದಿದ್ದು, ಯಾವ ಪ್ರಯೋಗ ಮಾಡಿದ್ದು, ಎಲ್ಲಿ ತಪ್ಪಿ ಎಲ್ಲಿ ತಿದ್ದಿಕೊಂಡದ್ದು, ಮುಂದೆ ಏನು ಓದಬೇಕೆಂದಿರುವುದು, ಯಾವ ಕಾಲೇಜಿಗೆ ಯಾವ ತಾರೀಖಿನೊಳಗೆ ಪತ್ರ ತಲಪಬೇಕೆಂಬುದು: ಇಷ್ಟಿದ್ದರೆ ಸಾಕು. ಅದರಲ್ಲಿ ಗುಣವಿಶೇಷಣಗಳು ಬೇಡ. ಕೇಳುವ ರೀತಿಯಲ್ಲಿಯೂ ಒಂದು ವಿವೇಕವಿದೆ. 'ನನ್ನ ವಿಷಯವಾಗಿ ಬರೆಯುವಷ್ಟು ನೀವು ನನ್ನನ್ನು ಬಲ್ಲಿರಾ, ಸಾರ್?' ಎಂದು ಮಗು ವಿನಯದಿಂದ ಕೇಳಲಿ. ಅಧ್ಯಾಪಕರು ಹಿಂದೆಮುಂದೆ ನೋಡಿದರೆ ಒತ್ತಾಯಿಸಬಾರದು. ಮನಸ್ಸಿಲ್ಲದೆ ಬರೆದ ನಾಲ್ಕು ಸಾಲು ನಿರಾಕರಣೆಗಿಂತ ಹೆಚ್ಚು ಕೇಡು ಮಾಡುತ್ತದೆ. ಬರೆದವರಿಗೆ ಸೀರೆ, ಪಂಚೆ, ಲಕೋಟೆ ಯಾವುದನ್ನೂ ಕೊಡಬಾರದು. ಫಲಿತಾಂಶ ಬಂದ ದಿನ ಮಗು ಹೋಗಿ ನಮಸ್ಕರಿಸಿ ಬಂದರೆ ಸಾಕು.

ನಮ್ಮ ಮೇಷ್ಟ್ರಿಗೆ ಇಂಗ್ಲಿಷ್ ಅಷ್ಟಾಗಿ ಬಾರದು ಎಂಬ ಆತಂಕವನ್ನೂ ಕೇಳಿದ್ದೇವೆ. ಪರೀಕ್ಷೆಗೆ ಕುಳಿತಿರುವವರು ಮೇಷ್ಟ್ರಲ್ಲ. ಸರಳವಾದ ಇಂಗ್ಲಿಷಿನಲ್ಲಿ, ತಾವು ಕಣ್ಣಾರೆ ಕಂಡ ಎರಡು ಸಂಗತಿಗಳನ್ನು ಬರೆದರೆ, ಅಲಂಕಾರದ ಹತ್ತು ವಾಕ್ಯಗಳಿಗಿಂತ ಅದು ಮೇಲು. ತಮಿಳಿನಲ್ಲಿಯೇ ಬರೆಯುವುದು ಅವರಿಗೆ ಸುಲಭವಾದರೆ ಹಾಗೆಯೇ ಬರೆಯಲಿ; ಅದೇ ಶಾಲೆಯ ಇಂಗ್ಲಿಷ್ ಅಧ್ಯಾಪಕರು ಅನುವಾದಿಸಿ ಮೂಲದೊಡನೆ ಕಳುಹಿಸುವಂತೆ ಏರ್ಪಡಿಸಬಹುದು. ವಿದ್ಯಾರ್ಥಿಯಾಗಲಿ ಅವನ ಮನೆಯವರಾಗಲಿ ಆ ಅನುವಾದಕ್ಕೆ ಕೈ ಹಾಕಕೂಡದು.

ಪತ್ರವನ್ನು ಅಧ್ಯಾಪಕರು ನೇರವಾಗಿ ಕಾಲೇಜಿಗೆ ಕಳುಹಿಸುತ್ತಾರೆ, ವಿದ್ಯಾರ್ಥಿಗೆ ತೋರಿಸುವುದಿಲ್ಲ. ಇದರಿಂದ ಕೆಲವು ಪೋಷಕರು ಗಾಬರಿಗೊಳ್ಳುತ್ತಾರೆ. ಅಮೆರಿಕದ 1974ರ ಒಂದು ಕಾನೂನಿನ ಪ್ರಕಾರ, ಕಾಲೇಜಿಗೆ ಸೇರಿದ ವಿದ್ಯಾರ್ಥಿ ತನ್ನ ಕಡತವನ್ನು ನೋಡುವ ಹಕ್ಕುಳ್ಳವನು. ಈ ಪತ್ರಗಳ ಮಟ್ಟಿಗೆ ಆ ಹಕ್ಕನ್ನು ಬಿಟ್ಟುಕೊಡುವೆಯಾ ಎಂದು ಅರ್ಜಿಯಲ್ಲಿ ಕೇಳಿರುತ್ತಾರೆ. ಬಿಟ್ಟುಕೊಡುವುದೇ ಲೇಸು. ತೋರಿಸದೆ ಬರೆದ ಪತ್ರವನ್ನು ಓದುವವರು ಹೆಚ್ಚು ನಂಬುತ್ತಾರೆ. ನಂಬಿಕೆಯಿಲ್ಲದ ಅಧ್ಯಾಪಕರನ್ನು ಕೇಳುವುದಾದರೂ ಏಕೆ?

ಮುಖ್ಯೋಪಾಧ್ಯಾಯರಲ್ಲಿಯೂ ನಮ್ಮದೊಂದು ಬಿನ್ನಹವಿದೆ. ಶ್ರೀಮಂತರ ಶಾಲೆಗಳಲ್ಲಿ ಈ ಕೆಲಸಕ್ಕೆಂದೇ ಸಂಬಳದ ಸಲಹೆಗಾರರಿರುತ್ತಾರೆ. ಕಾರ್ಪೊರೇಷನ್ ಶಾಲೆಯಲ್ಲಿಯೂ ಸಣ್ಣ ಅನುದಾನಿತ ಶಾಲೆಯಲ್ಲಿಯೂ ಆ ಭಾಗ್ಯವಿಲ್ಲ. ವರ್ಷಕ್ಕೆ ಒಬ್ಬನೋ ಇಬ್ಬರೋ ಕೇಳಿಕೊಂಡು ಬಂದಾಗ, 'ನಮ್ಮಲ್ಲಿ ಆ ಪದ್ಧತಿ ಇಲ್ಲ' ಎಂದು ಕಳುಹಿಸಿಬಿಡಬಾರದು. ಬೆಸೆಂಟ್ ನಗರಕ್ಕೆ ಯಾರ ಹೆಸರು ಇದೆಯೋ ಆ ಆನಿ ಬೆಸೆಂಟರು 1898ರಲ್ಲಿ ಕಾಶಿಯಲ್ಲಿ ಕಾಲೇಜು ತೆರೆದವರು; ಅವರ ಹೆಸರಿನ ಬಡಾವಣೆಯ ಸುತ್ತಮುತ್ತ ಶಾಲೆಗಳಿಗೇನೂ ಕೊರತೆಯಿಲ್ಲ. ಅಧ್ಯಾಪಕರಿಗೆ ಒಂದು ದಿನದ ಬಿಡುವನ್ನೂ, ಶಾಲೆಯ ಇ-ಮೇಲ್ ವಿಳಾಸವನ್ನೂ ಒದಗಿಸಿಕೊಡುವುದು ಕಷ್ಟವಾಗಲಾರದು. ವೈಯಕ್ತಿಕ ವಿಳಾಸಕ್ಕಿಂತ ಶಾಲೆಯ ವಿಳಾಸದಿಂದ ಬಂದ ಪತ್ರವನ್ನು ಕಾಲೇಜಿನವರು ಸುಲಭವಾಗಿ ನಂಬುತ್ತಾರೆ.

ಅಡಯಾರು, ಬೆಸೆಂಟ್ ನಗರ, ತಿರುವಾನ್ಮಿಯೂರುಗಳಲ್ಲಿ ಬ್ಯಾಂಕು, ವಿಮಾ ಕಂಪೆನಿಗಳಿಂದ ನಿವೃತ್ತರಾದ ಕನ್ನಡಿಗರು ಬಹುಮಂದಿ ಇದ್ದಾರೆ. ಭಾನುವಾರ ಬೆಳಿಗ್ಗೆ ಎರಡು ಗಂಟೆಗಳ ಕಾಲ ಒಂದೆಡೆ ಕುಳಿತು, ಅರ್ಜಿಯ ನಮೂನೆಯನ್ನು ಓದಿ ಹೇಳುವುದು, ತಾರೀಖುಗಳನ್ನು ಗುರುತುಹಾಕಿ ಕೊಡುವುದು, ಶುಲ್ಕ ಮಾಫಿಯಿದೆಯೇ ಎಂದು ನೋಡುವುದು, ಇಷ್ಟನ್ನು ಅವರು ಮಾಡಿದರೆ ಹೋಟೆಲಿನವರ ಮಕ್ಕಳಿಗೆ ದೊಡ್ಡ ಉಪಕಾರವಾಗುತ್ತದೆ. ಪತ್ರ ಬರೆದುಕೊಡುವ ಉತ್ಸಾಹ ಮಾತ್ರ ಅವರಿಗೂ ಬೇಡ. ಆಕ್ಸ್‌ಫರ್ಡ್, ಕೇಂಬ್ರಿಜ್ಜುಗಳ ಅರ್ಜಿಗೆ ಅಕ್ಟೋಬರ್ ಮಧ್ಯಭಾಗವೇ ಕೊನೆ. ಅಮೆರಿಕದ ಕಾಲೇಜುಗಳಿಗೆ ಮುಂಚಿತವಾಗಿ ಹಾಕುವವರಿಗೆ ನವೆಂಬರ್ 1, ಉಳಿದವರಿಗೆ ಬಹುಮಟ್ಟಿಗೆ ಜನವರಿಯ ಆರಂಭ. ಡಿಸೆಂಬರಿನಲ್ಲಿ ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳು ಅಧ್ಯಾಪಕರ ಮೇಜಿನ ಮೇಲೆ ಬಂದು ಬೀಳುತ್ತವೆ. ಕೇಳುವವರು ಆಗಸ್ಟಿನಲ್ಲಿಯೇ, ತಡವಾದರೆ ಸೆಪ್ಟೆಂಬರಿನಲ್ಲಿ ಕೇಳಬೇಕು. ನಮ್ಮ ಕಚೇರಿಗೆ ಬಂದಿದ್ದ ಆ ತಂದೆಗೂ ಇದನ್ನೇ ಹೇಳಿ, ಭೌತಶಾಸ್ತ್ರದ ಮೇಷ್ಟ್ರಲ್ಲಿಗೆ ಮಗಳನ್ನೇ ಕಳುಹಿಸಿರೆಂದು ತಿಳಿಸಿದ್ದೇವೆ.